ಮುಚ್ಚಳದ ಮೇಲೆ ನಿಂತ ಫೋಟೋ

ಆ ಮನುಷ್ಯನಿಗೆ ನಾನು ಐದು ಏಟು ಹೊಡ್ದೆ. ಸ್ಟೇಷನ್‌ನಲ್ಲಿ ಏಳೆಂಟು ಅಂತ ಬರ್ಕೊಂಡಿದಾರೆ. ಬರ್ಕೊಳ್ಲಿ, ಅದಕ್ಕೆ ನಾನು ಜಗಳಕ್ಕೆ ಹೋಗಲ್ಲ. ಬರೀ ಕೈಯಲ್ಲಲ್ಲ, ಕಬ್ಬಿಣದ ಕೊಕ್ಕೆಯಲ್ಲಿ ಹೊಡ್ದೆ. ನೆಲದಡಿಯ ನೀರಿನ ಸಂಪಿನ ಮುಚ್ಚಳ ಎತ್ತೋಕೆ ಅಂತ ಪ್ರತಿ ಟ್ಯಾಂಕರ್‌ನವನೂ ಸೀಟಿನ ಪಕ್ಕ ಒಂದು ಕೊಕ್ಕೆ ಇಟ್ಕೊಂಡಿರ್ತಾನೆ, ಮೊಳ ಉದ್ದ, ಹೆಬ್ಬೆರಳು ದಪ್ಪ. ಆತನ ಮೂಗಿನ ಮೂಳೆ ಮುರೀತು, ಬಲಗೈ ಮಣಿಕಟ್ಟು ಎರಡು ಕಡೆ ಬಿರುಕು ಬಿಡ್ತು. ಒಂಬತ್ತು ವರ್ಷದ ನನ್ನ ಮಗಳು ಶ್ವೇತ ನನ್ನ ಜೊತೆ ಗಾಡಿಯಲ್ಲಿದ್ಲು, ಎಲ್ಲಾ ನೋಡಿದ್ಲು.

ಯಾಕ್ ಹೊಡ್ದೆ ಅಂತ ಕೇಳಿ, ಜನ ನನಗಿಂತ ಮುಂಚೆ ತಾವೇ ಉತ್ತರ ಹೇಳ್ತಾರೆ. “ಅವ್ನಿಗೆ ಗಮನ ನಿಲ್ಲದ ಕಾಯಿಲೆ ಅಂತೆ ಗುರು, ಎಡಿಎಚ್‌ಡಿ ಅಂತೆ, ಪಾಪ, ತಲೆ ಅವ್ನ ಕೈಲಿಲ್ಲ.” ನನ್ನ ವಕೀಲನೂ ಅದನ್ನೇ ಹಿಡ್ಕೊಂಡು ಕೂತಿದಾನೆ. ಪಾಪ ಅಂತೆ, ಥೂ! ಕಾಯಿಲೆ ಇರೋದು ನಿಜ. ಆದ್ರೆ ಆ ದಿನ ಏನ್ ನಡೀತು ಅಂತ ಪೂರ್ತಿ ಗೊತ್ತಿರೋದು ನನಗೆ ಮತ್ತೆ ಶ್ವೇತಂಗೆ ಮಾತ್ರ. ಅವ್ಳು ಬಾಯಿ ಬಿಡಲ್ಲ. ನಾನೇ ಹೇಳ್ತೀನಿ.

ನನ್ನ ಹೆಸ್ರು ವಸಂತ್. ವಯಸ್ಸು ಮೂವತ್ತೆಂಟು. ಕೆ.ಆರ್.ಪುರಂ ಕೆರೆ ಹಿಂದುಗಡೆ ನಮ್ಮಪ್ಪ ಮುನಿಆಂಜನಪ್ಪ ರಾಗಿ, ಸೊಪ್ಪು ಬೆಳೀತಿದ್ದ ಜಾಗದಲ್ಲಿ ಈಗ ನಾಲ್ಕು ಬಾಡಿಗೆ ಮನೆ, ಒಂದು ಬೋರ್‌ವೆಲ್ ಇದೆ. ಬೋರ್‌ವೆಲ್ ನನ್ನ ಪಾಲಿಗೆ ಬಂತು. ಸಣ್ಣದೊಂದು ಟ್ಯಾಂಕರ್ ಇಟ್ಕೊಂಡು, ನಾನೇ ಓಡಿಸ್ಕೊಂಡು, ಮನೆಮನೆಗೆ ನೀರು ಹಾಕ್ತೀನಿ. ಚಿಕ್ಕೋನಿದ್ದಾಗ ಮೋಟರ್ ಹಾಕಿ ಬಾ ಅಂತ ಅಪ್ಪ ಕಳಿಸ್ತಿದ್ದ. ಹಾಕ್ತಿದ್ದೆ. ಆಮೇಲೆ ಬೇಲಿ ಮೇಲೆ ಓತಿಕ್ಯಾತ ಕಂಡು ಅದ್ರ ಹಿಂದೆ ಹೋಗ್ತಿದ್ದೆ, ಅಲ್ಲಿಂದ ಇನ್ನೆಲ್ಲಿಗೋ, ಸಂಜೆ ಹೊತ್ತಿಗೆ ಸೊಪ್ಪಿನ ಮಡಿಯೆಲ್ಲಾ ನೀರಲ್ಲಿ ಮುಳುಗಿರೋದು. ಅಪ್ಪ ಇಂಜಿನ್ ಬೆಲ್ಟ್ ಬಿಚ್ಕೊಂಡು ಬರೋನು. “ಜ್ಞಾನ ಎಲ್ಲಿಟ್ಟಿದ್ದೆ ಲೋ” ಅನ್ನೋದು, ಬಾರಿಸೋದು, ಮತ್ತೆ ಅದೇ ಕೇಳೋದು. ನನಗೂ ಗೊತ್ತಿದ್ರೆ ಹೇಳ್ತಿರ್ಲಿಲ್ವಾ?

ಮೀಸೆ ಬಂದ್ಮೇಲೆ ನಾನೂ ಹೊಡ್ಯೋಕೆ ಶುರು ಮಾಡ್ದೆ. ಸ್ಕೂಲಲ್ಲಿ, ಬಸ್ಸಲ್ಲಿ, ಬಾರಲ್ಲಿ, ಸಿಗ್ನಲ್ಲಲ್ಲಿ. ಕೋಪ ಬಂದಾಗ ಬೇರೆಯವ್ರಿಗಾದ್ರೆ ಹೊಡ್ಯೋದೋ ಬೇಡವೋ ಅಂತ ಯೋಚಿಸೋಕೆ ಒಂದು ಗಳಿಗೆ ಸಿಗುತ್ತಂತೆ. ನನಗೆ ಸಿಗ್ತಿರ್ಲಿಲ್ಲ. ನನಗೆ ಕೋಪ ಬಂದಿದೆ ಅಂತ ಗೊತ್ತಾಗ್ತಿದ್ದದ್ದೇ ಎದುರಿಗಿದ್ದೋನು ಬಾಯಿ ಹಿಡ್ಕೊಂಡು ಕೂತ್ಮೇಲೆ.

ಹೋದ ವರ್ಷ ದಸರಾ ಮುಗಿದ ವಾರ ಶ್ವೇತಂಗೂ ಹೊಡ್ದೆ. ಮಗ್ಗಿ ಬರೆಸ್ತಾ ಇದ್ದೆ. ಒಂದು ಗಂಟೇಲಿ ಮೂರು ಪೆನ್ಸಿಲ್ ಕಳ್ಕೊಂಡು, ನಾಲ್ಕನೇದು ಹುಡುಕೋಕೆ ಅಂತ ಎದ್ದೋಳು ಬಾಲ್ಕನಿಯಲ್ಲಿ ಇರುವೆ ಸಾಲು ನೋಡ್ತಾ ಕೂತಿದ್ಲು. ಕೆನ್ನೆಗೆ ಬಿಟ್ಟೆ. ಬೆರಳು ಓಲೆಗೆ ಸಿಕ್ಕಾಕೊಂಡು ಕಿವಿ ಹರೀತು. ಕತ್ತಿನ ತನಕ ರಕ್ತ. ನನ್ನ ಹೆಂಡ್ತಿ ಸುಕನ್ಯ ಕೂಗಾಡ್ಲಿಲ್ಲ, ಅಳ್ಲಿಲ್ಲ. ಮಗುವನ್ನ ಎತ್ಕೊಂಡು ಹೊಲಿಗೆ ಹಾಕಿಸ್ಕೊಂಡು ಹಾಗೇ ಹಲಸೂರಿಗೆ, ಅವಳ ತಾಯಿ ಮನೆಗೆ ಹೋದ್ಲು. ಮೂರು ವಾರ ಆದ್ಮೇಲೆ ಬಂದು ಬಾಗಿಲಲ್ಲೇ ನಿಂತು ಹೇಳಿದ್ಲು: “ನಿಮ್ ಕೈ ಇನ್ನೊಂದ್ಸಲ ಎದ್ರೆ ನಾವಿಬ್ರೂ ಹೋಗ್ತೀವಿ. ಇವ್ಳ ಮೇಲೆ ಅಂತಲ್ಲ, ಯಾರ್ ಮೇಲಾದ್ರೂ ಸರಿ. ಆಮೇಲೆ ವಾಪಸ್ ಬರಲ್ಲ ರೀ.” ನಾನು ಅವಳ ತಲೆ ಮುಟ್ಟಿ ಆಣೆ ಇಟ್ಟೆ. ಆಣೆ ಬೇಡ ಅಂದ್ಲು, ಮೊದಲು ಮಗೂನ ಕರ್ಕೊಂಡು ಡಾಕ್ಟರ್ ಹತ್ರ ನಡೀರಿ ಅಂದ್ಲು.

ಡಾಕ್ಟರ್ ಹಂಸ ಅಂತ. ನಾವು ಹೋಗಿದ್ದು ಶ್ವೇತನ್ನ ತೋರಿಸೋಕೆ, ಸ್ಕೂಲಿನವರು ಚೀಟಿ ಕಳಿಸಿದ್ರು. ಮಗು ಸುಮ್ನೆ ಕೂತಿತ್ತು. ನಾನು ಆ ಅರ್ಧ ಗಂಟೇಲಿ ನಾಲ್ಕು ಸಲ ಎದ್ದು, ಕಿಟಕಿ ನೋಡಿ, ಡಾಕ್ಟರಮ್ಮನ ಸ್ಟೇಪ್ಲರ್ ಬಿಚ್ಚಿ, ಸ್ಪ್ರಿಂಗ್ ಕಳೆದಾಕಿದ್ದೆ. ಆಯಮ್ಮ ನಕ್ಕು, “ಇವ್ಳನ್ನೂ ನೋಡೋಣ, ಮೊದಲು ನಿಮ್ಮನ್ನ ನೋಡೋಣ” ಅಂದ್ರು. ಎರಡು ಮೂರು ಸಲ ಕರೆಸಿ, ಉದ್ದುದ್ದ ಪ್ರಶ್ನೆ ಕೇಳಿ, ನಮ್ಮಮ್ಮನ್ನೂ ಮಾತಾಡ್ಸಿ, ಅಪ್ಪ ಮಗಳು ಇಬ್ಬರಿಗೂ ಆ ಕಾಯಿಲೆ ಇದೆ ಅಂದ್ರು. ನನಗೆ ಮಾತ್ರೆ ಬರ್ದ್ರು. “ಮರೆವಿಗೆ ನಾನು ಮಾತ್ರೆ ಕೊಡ್ತೀನಿ ವಸಂತ್. ಹೊಡೆಯೋದು ನಿಲ್ಲೋಕೆ ನೀವೂ ಕೆಲಸ ಮಾಡ್ಬೇಕು” ಅಂತ ಅವತ್ತೇ ಹೇಳಿದ್ರು. ಮಾತ್ರೆ ನುಂಗಿದ ಮೊದಲನೇ ದಿನ, ಮೂವತ್ತೆಂಟು ವರ್ಷಕ್ಕೆ ಮೊದಲನೇ ಸಲ, ಒಂದು ಕಾಫಿಯನ್ನ ಕೂತಲ್ಲೇ ಕೂತು ಪೂರ್ತಿ ಕುಡ್ದೆ. ಕುಡಿದು ಅತ್ತೆ, ಸುಳ್ಳಲ್ಲ.

ಇನ್ನು ಮುಚ್ಚಳದ ವಿಷಯ. ನಮ್ಮ ಕಸುಬಲ್ಲಿ ಮಾಡಬಾರದ ತಪ್ಪು ಅಂದ್ರೆ ಒಂದೇ: ಸಂಪಿಗೆ ನೀರು ಬಿಟ್ಟು, ಪೈಪ್ ಸುತ್ಕೊಂಡು, ಮುಚ್ಚಳ ಮುಚ್ಚದೆ ಹೊರಟುಬಿಡೋದು. ಮನೆಯವರು ನೋಡಲ್ಲ, ಟ್ಯಾಂಕರ್‌ನವನು ಮುಚ್ಚಿರ್ತಾನೆ ಅಂದ್ಕೊಂಡಿರ್ತಾರೆ. ಅಂಗಳದಲ್ಲಿ ಎರಡಡಿ ಅಗಲದ ಬಾಯಿ, ಕೆಳಗೆ ಏಳಡಿ ನೀರು. ಮಕ್ಕಳು ಹೋಗಿಬಿಡ್ತಾವೆ ಗುರು, ಸದ್ದೂ ಆಗಲ್ಲ. ನಾನು ಎರಡು ಸಲ ಮರ್ತಿದ್ದೆ, ಎರಡು ಸಲವೂ ದೇವರು ದೊಡ್ಡೋನು. ಅದಕ್ಕೆ ಸುಕನ್ಯನೇ ಒಂದು ರೂಲು ಮಾಡಿದ್ಲು. ನೀರು ಬಿಟ್ಟಾದ್ಮೇಲೆ ಮುಚ್ಚಳ ಹಾಕ್ಬೇಕು, ಅದ್ರ ಮೇಲೆ ಎರಡೂ ಕಾಲಿಟ್ಟು ನಿಂತ್ಕೊಬೇಕು, ಮೇಲಿಂದ ಪಾದದ ಫೋಟೋ ತೆಗೆದು ಅವಳಿಗೆ ಕಳಿಸ್ಬೇಕು. ಅವಳು ಫೋನಲ್ಲಿ ಓಕೆ ಅನ್ನೋ ಹೆಬ್ಬೆಟ್ಟಿನ ಚಿತ್ರ ಕಳಿಸಿದ್ಮೇಲೇ ಗಾಡಿಗೆ ಕೀ ಹಾಕ್ಬೇಕು. ಇಂದಿರಾನಗರದ ಒಂದು ಲ್ಯಾಬಲ್ಲಿ ಬಿಲ್ಲಿಂಗ್ ಕೆಲ್ಸ ಅವಳದ್ದು, ಕೌಂಟರ್‌ನಲ್ಲಿ ಎಷ್ಟು ಜನ ಇದ್ರೂ ಹೆಬ್ಬೆಟ್ಟು ಬರ್ತಿತ್ತು. ಏಳು ತಿಂಗಳಲ್ಲಿ ಸಾವಿರದ ಮೇಲೆ ಫೋಟೋ ಕಳಿಸಿದ್ದೆ. ಏಳು ತಿಂಗಳು ಯಾರ ಮೇಲೂ ಕೈ ಎತ್ತಿರ್ಲಿಲ್ಲ.

ಮೇ ತಿಂಗಳು. ಊರೆಲ್ಲಾ ನೀರು ನೀರು ಅಂತಿದ್ದ ಕಾಲ. ನನ್ನ ಮಾತ್ರೆ ಮುಗಿದು ಮೂರು ದಿನ ಆಗಿತ್ತು. ಆ ಮಾತ್ರೆ ಎಲ್ಲಾ ಮೆಡಿಕಲ್ಸಲ್ಲೂ ಸಿಗಲ್ಲ, ಪ್ರತಿ ತಿಂಗಳು ಡಾಕ್ಟರ್ ಹೊಸ ಚೀಟಿ ಬರೀಬೇಕು, ಅದನ್ನ ಹಿಡ್ಕೊಂಡು ಇಂಥದೇ ಅಂಗಡಿಗೆ ಹೋಗ್ಬೇಕು. ಮರೆಯೋ ಕಾಯಿಲೆಯವನಿಗೆ ಇಂಥಾ ರೂಲು ಮಾಡಿದ ಪುಣ್ಯಾತ್ಮ ಯಾರೋ! ಚೀಟಿ ತಗೊಳೋಕೆ ಹೋಗ್ಬೇಕು ಅಂತ ಸೋಮವಾರ ನೆನಪಾಯ್ತು, ಮಂಗಳವಾರ ನೆನಪಾಯ್ತು, ನೆನಪಾದಾಗೆಲ್ಲಾ ನಾನು ಗಾಡಿ ಮೇಲಿದ್ದೆ. ಸುಕನ್ಯಂಗೆ ಹೇಳ್ಲಿಲ್ಲ. ಬೈತಾಳೆ ಅಂತ ಹೆದರಿಕೆ, ಇನ್ನೇನು?

ಸ್ಕೂಲಿಗೆ ರಜ. ಮನೇಲಿ ಒಬ್ಬಳೇ ಇರಲ್ಲ ಅಂತ ಶ್ವೇತ ನನ್ನ ಜೊತೆ ಗಾಡಿ ಹತ್ತಿದ್ಲು. ಹಳದಿ ಫ್ರಾಕು, ಎರಡು ಜಡೆ, ಕೈಯಲ್ಲಿ ನನ್ನ ಫೋನು. ಮೊದಲನೇ ಲೋಡು ಕಮ್ಮನಹಳ್ಳಿಯಲ್ಲಿ. ನೀರು ಬಿಟ್ಟು ಮುಚ್ಚಳ ಹಾಕಿ ನಿಂತೆ. ಅವಳೂ ಬಂದು ಪಕ್ಕದಲ್ಲಿ ನಿಂತ್ಕೊಂಡ್ಲು. ನಾಲ್ಕು ಪಾದದ ಫೋಟೋ ಹೋಯ್ತು. ಸುಕನ್ಯ ಹೆಬ್ಬೆಟ್ಟಿನ ಜೊತೆ ನಗು ಕಳಿಸಿದ್ಲು. “ಅಪ್ಪ, ನನ್ ಕಾಲು ನಿನ್ ಥರಾನೇ ಇದೆ ನೋಡು” ಅಂತ ಇವಳಿಗೆ ಖುಷಿ. ವಾಪಸ್ ಬಂದು ಬೋರ್‌ವೆಲ್ಲಲ್ಲಿ ತುಂಬಿಸ್ಕೊಂಡು ಎರಡನೇ ಲೋಡು ಶಿವಾಜಿನಗರಕ್ಕೆ ಹೊರಟ್ವಿ.

ಅಷ್ಟು ದೂರ ನಾನು ಹೋಗೋದು ಒಂದೇ ಮನೆಗೆ. ನನ್ನ ಸ್ಕೂಲ್ ದೋಸ್ತ್ ಸೈಫ್ ಸೌದಿಯ ದಮ್ಮಾಮಲ್ಲಿ ಎಲೆಕ್ಟ್ರಿಷಿಯನ್. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವನ ತಾಯಿ ಖುರ್ಷೀದಾ ಇರ್ತಾರೆ, ನಾನು ಅಮ್ಮೀ ಅಂತೀನಿ. ಸೊಸೆ ಕೆಲ್ಸಕ್ಕೆ ಹೋಗ್ತಾಳೆ, ಹಗಲೆಲ್ಲಾ ಮೊಮ್ಮಗಳು ನಾಜಿಶ್ ಅಮ್ಮೀ ಜೊತೆ. ನಾಜಿಶ್‌ಗೆ ಮೂರು ವರ್ಷ. ನಡೆಯೋಕೆ ಬರಲ್ಲ ಅವಳಿಗೆ, ಓಡೋಕೆ ಮಾತ್ರ ಬರುತ್ತೆ. ಸಂಪು ಗೇಟಿನ ಒಳಗೆ ಅಂಗಳದಲ್ಲೇ ಇದೆ.

ಗಲ್ಲಿಯಲ್ಲಿ ನನ್ನ ಗಾಡಿ ನಿಂತ್ರೆ ಸೈಕಲ್ಲೂ ತೂರಲ್ಲ. ನೀರು ಬಿಟ್ಟು ಹತ್ತು ನಿಮಿಷ ಆಗಿರ್ಲಿಲ್ಲ, ಹಿಂದೆ ಒಬ್ಬ ಗೂಡ್ಸ್ ಆಟೋದವನು ಬಂದು ಹಾರ್ನ್ ಹಿಡ್ಕೊಂಡ. ಬಿಡ್ಲೇ ಇಲ್ಲ. ಇಳಿದು ಹೋಗಿ, ಇನ್ನೊಂದು ಹತ್ತು ನಿಮಿಷ ಅಣ್ಣ ಅಂದೆ. ಅವನು ಬಾಯಿಗೆ ಬಂದಂಗೆ ಬೈದ. ಅಮ್ಮನ್ನ ಬೈದ, ಅಕ್ಕನ್ನ ಬೈದ, ಆಮೇಲೆ ಎದೆ ಮೇಲೆ ಕೈ ಇಟ್ಟು ತಳ್ಳಿದ. ನನಗೆ ನೆತ್ತಿಗೇರ್ತು. ಎರಡೂ ಕೈ ಪ್ಯಾಂಟ್ ಜೇಬಿಗೆ ತುರುಕ್ಕೊಂಡೆ. ತೊಡೆಯನ್ನ ಒಳಗಿಂದಲೇ ಗಟ್ಟಿಯಾಗಿ ಚಿವುಟ್ಕೊಂಡು ನಿಂತೆ. ಎತ್ತಬೇಡ, ಎತ್ತಬೇಡ, ಎತ್ತಬೇಡ, ಅಷ್ಟೇ ತಲೇಲಿ. ಇನ್ನೊಂದ್ಸಲ ತಳ್ಳಿದ. ಎತ್ತಲಿಲ್ಲ. ಟ್ಯಾಂಕ್ ಖಾಲಿಯಾದ ಸದ್ದು ಬಂತು. ಓಡಿ ಬಂದು ಪೈಪ್ ಎಳ್ಕೊಂಡೆ, ಸುತ್ತಿ ಹಾಕ್ದೆ, ನಾಜಿಶ್ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ದ ಶ್ವೇತನ್ನ ಕರ್ದೆ, “ಬರ್ತೀನಮ್ಮೀ” ಅಂತ ಹೊರಗಿಂದಲೇ ಕೂಗಿ ಗಾಡಿ ಎತ್ತಿದೆ.

ಗಲ್ಲಿ ದಾಟಿದ್ಮೇಲೆ ಎಂಥಾ ಹೆಮ್ಮೆ ಗೊತ್ತಾ! ಮಾತ್ರೆ ಇಲ್ಲದೇನೂ ತಡ್ಕೊಂಡ್ನಲ್ಲ. “ನೋಡಿದ್ಯಾ ಶ್ವೇತ, ಅವ್ನು ತಳ್ಳಿದ್ರೂ ಅಪ್ಪ ಹೊಡೀಲಿಲ್ಲ” ಅಂದೆ. ಅವಳು ಹ್ಞೂಂ ಅಂದ್ಲು. ಹಲಸೂರು ಕೆರೆ ದಾಟೋ ತನಕ ಅದನ್ನೇ ಹೇಳ್ಕೊಂಡು, ಹಾಡು ಹಾಕ್ಕೊಂಡು ಬಂದೆ.

ಹಳೇ ಮದ್ರಾಸ್ ರೋಡಿಗೆ ಬಂದು ಮೆಟ್ರೋ ಕಂಬಗಳು ಶುರುವಾಗೋ ಕಡೆ ಫೋನು ಟಿಣ್ ಅಂತು. ಶ್ವೇತ ಓದಿದ್ಲು. “ಅಪ್ಪ, ಶಿವಾಜಿನಗರದ ಫೋಟೋ ಎಲ್ಲಿ ಅಂತ ಅಮ್ಮ ಕೇಳ್ತಿದಾಳೆ.”

ಮುಚ್ಚಳ ಹಾಕಿದ್ದು ನೆನಪಿಲ್ಲ. ಹಾಕದೇ ಬಂದಿದ್ದೂ ನೆನಪಿಲ್ಲ. ಆ ಹತ್ತು ನಿಮಿಷದಲ್ಲಿ ನನಗೆ ನೆನಪಿದ್ದದ್ದು ನನ್ನ ಎರಡು ಕೈ ಮಾತ್ರ. “ನೀನ್ ನೋಡಿದ್ಯಾ? ಹಾಕಿದ್ನಾ?” ಅಂತ ಕಿರುಚ್ದೆ. “ಗೊತ್ತಿಲ್ಲ ಅಪ್ಪ, ನಾನು ಆಡ್ತಿದ್ದೆ” ಅಂದ್ಲು. ಅವಳ ಮುಖ ಬಿಳಿಚ್ಕೊಂಡಿತ್ತು. “ಅಮ್ಮೀಗೆ ಫೋನ್ ಹಾಕು!” ಹಾಕಿದ್ಲು. ರಿಂಗ್ ಆಗಿ ಆಗಿ ನಿಂತೋಯ್ತು. ಆರು ಸಲ ಹಾಕಿದ್ಲು, ಆರು ಸಲವೂ ಎತ್ತಲಿಲ್ಲ. ಅಮ್ಮೀ ಯಾವತ್ತೂ ಎರಡನೇ ರಿಂಗಿಗೆ ಎತ್ತೋರು.

ಯೂ ಟರ್ನ್ ಇನ್ನೂ ಮುಂದೆ ಎಲ್ಲೋ ಇತ್ತು, ಮುಂದೆ ಗಾಡಿಗಳು ಹೆಜ್ಜೆಹೆಜ್ಜೆಗೆ ನಿಲ್ತಿದ್ವು. ಕಂಬಗಳ ಮಧ್ಯೆ ರಿಪೇರಿಗೆ ಅಂತ ಡಿವೈಡರ್ ಒಡೆದಿದ್ದ ಒಂದು ಸಂದು ಕಾಣಿಸ್ತು. ತಿರುಗಿಸ್ದೆ. ಬೈಕಿನವನೊಬ್ಬ ಕೈ ತೋರಿಸಿ ಬೈದು ಪಕ್ಕಕ್ಕೆ ಹಾರಿದ. ಗಾಡಿ ಮೂತಿ ಆಚೆ ರೋಡಿಗೆ ಬಂತು, ಅಷ್ಟರಲ್ಲಿ ಬೂದು ಬಣ್ಣದ ಕಾರೊಂದು ಕಿರ್ರಂತ ಬ್ರೇಕ್ ಹಾಕಿ ನನ್ನ ಬಂಪರ್‌ಗೆ ಅಡ್ಡ ನಿಂತ್ಕೊಂಡ್ತು. ಅದು ಒಂದು ಮಾರು ಹಿಂದೆ ಹೋದ್ರೆ ಸಾಕು, ನನಗೆ ದಾರಿ. ಕಾರಿಂದ ಐವತ್ತರ ಆಸುಪಾಸಿನ ಮನುಷ್ಯ ಇಳಿದ. ಶ್ರೀನಾಥ್ ಅಂತ ಹೆಸ್ರು, ಆಮೇಲೆ ಗೊತ್ತಾಯ್ತು. ಫೋನಲ್ಲಿ ನನ್ನ ನಂಬರ್ ಪ್ಲೇಟು, ನನ್ನ ಮುಖ ವಿಡಿಯೋ ಮಾಡ್ಕೊತಾ ಬಂದ.

ಕೈ ಮುಗ್ದೆ ಅವ್ನಿಗೆ. ನಿಜವಾಗ್ಲೂ ಎರಡೂ ಕೈ ಜೋಡಿಸಿ ಮುಗ್ದೆ. “ಸಾರ್, ಸಂಪಿನ ಮುಚ್ಚಳ ತೆಗೆದು ಬಂದ್ಬಿಟ್ಟಿದೀನಿ ಸಾರ್, ಚಿಕ್ಕ ಮಗು ಇದೆ ಮನೇಲಿ, ಸ್ವಲ್ಪ ಹಿಂದೆ ತಗೊಳಿ ಸಾರ್.”

“ನಿಮ್ ಟ್ಯಾಂಕರ್‌ನವ್ರದ್ದು ದಿನಾ ಒಂದು ಕಥೆ ಕಣಯ್ಯ. ರಾಂಗ್ ಸೈಡಲ್ಲಿ ಬಂದು ನನ್ ಹೆಂಡ್ತಿನ ಸಾಯಿಸ್ತಿದ್ದೆ. ಪೊಲೀಸ್ ಬರ್ಲಿ, ಆಮೇಲೆ ಹೋಗು.” ಕಾರಲ್ಲಿ ಹೆಂಗಸೊಬ್ಬರು ಹಣೆ ಹಿಡ್ಕೊಂಡು ಕೂತಿದ್ರು. ಅವ್ನ ಕೋಪ ತಪ್ಪಲ್ಲ, ಅದು ಈಗ ಹೇಳ್ತೀನಿ. ಅವತ್ತು ನನಗೆ ಆ ಹೆಂಗಸು ಕಾಣಿಸ್ಲೇ ಇಲ್ಲ. ಅವ್ನು ಫುಟ್‌ಬೋರ್ಡ್ ಹತ್ತಿ, ಕಿಟಕಿಯಿಂದ ಕೈ ಹಾಕಿ, ಗಾಡಿ ಕೀ ಕಿತ್ಕೊಂಡ. ಕಿತ್ಕೊಂಡು ಕೆಳಗಿಳಿದು ಮುಷ್ಟಿಯಲ್ಲಿ ಹಿಡ್ಕೊಂಡು ನಿಂತ.

ಕೊಕ್ಕೆ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಇಳಿದೋನೇ ಆ ಮುಷ್ಟಿಗೆ ಒಂದು ಬಿಟ್ಟೆ. ಮೂಳೆ ಸದ್ದು ಕೇಳಿಸ್ತು. ಕೀ ರೋಡಿಗೆ ಬಿತ್ತು, ನನ್ನ ಚಪ್ಪಲಿ ಪಕ್ಕದಲ್ಲೇ.

ಈಗ ಇದನ್ನ ಸರಿಯಾಗಿ ಕೇಳಿಸ್ಕೊಳಿ, ಯಾಕಂದ್ರೆ ವಕೀಲ ಇದನ್ನ ಹೇಳಲ್ಲ. ಕೀ ಬಿದ್ದಿದ್ದು ನಾನು ನೋಡ್ದೆ. ಬಗ್ಗಿ ತಗೊಂಡು ಹೋಗಬಹುದಿತ್ತು. ಒಂದೇ ಏಟಿಗೆ ಕೆಲಸ ಮುಗಿದಿತ್ತು. ಆ ಒಂದು ಏಟು ನಾಜಿಶ್‌ಗೋಸ್ಕರ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ ಇಲ್ಲ. ಆಮೇಲೆ ನಾಲ್ಕು ಹೊಡ್ದೆ. ಮುಖಕ್ಕೆ ಒಂದು, ಭುಜಕ್ಕೆ ಒಂದು, ಕೆಳಗೆ ಬಿದ್ಮೇಲೆ ಬೆನ್ನಿಗೆ ಎರಡು. ಆ ಆಟೋದವನ ಏಟು, ಏಳು ತಿಂಗಳು ತಡ್ಕೊಂಡಿದ್ದ ಎಲ್ಲರ ಏಟು, ಎಲ್ಲಾ ಇವ್ನಿಗೇ ಬಿತ್ತು. ಚೆನ್ನಾಗಿತ್ತು ಗುರು. ಹೇಳೋಕೆ ನಾಲಿಗೆ ಬರಲ್ಲ, ಆದ್ರೆ ಹೊಡೀವಾಗ ಹೊಟ್ಟೆ ತಣ್ಣಗಾಯ್ತು. ಮಗುವಿನ ಯೋಚನೆ ತಲೇಲಿ ಇರ್ಲೇ ಇಲ್ಲ. ಅದನ್ನೂ ಮರ್ತಿದ್ದೆ.

ಜನ ಸೇರಿದ್ರು. ಯಾರೋ ಹಿಂದಿಂದ ಕತ್ತು ಹಿಡಿದ, ಅವ್ನ ತೋಳಿಗೆ ಕಚ್ಚಿದೆ, ಬಾಯೆಲ್ಲಾ ಉಪ್ಪು. ಇನ್ನೊಬ್ಬ ಹೆಲ್ಮೆಟ್ಟಲ್ಲಿ ಮುಖಕ್ಕೆ ಹೊಡೆದ, ತುಟಿ ಸೀಳ್ತು. ಮತ್ತೊಬ್ಬ ಕೊಕ್ಕೆ ಕಿತ್ಕೊಂಡು ಪಕ್ಕೆಗೆ ಒದ್ದ. ನೆಲದ ಮೇಲಿಂದ ಏಳೋಕೆ ಒದ್ದಾಡ್ತಿದ್ದಾಗ ಎಲ್ಲರ ಕಾಲುಗಳ ಮಧ್ಯೆ ಹಳದಿ ಫ್ರಾಕು ಕಾಣಿಸ್ತು. ಶ್ವೇತ. ಯಾವಾಗ ಇಳಿದಳೋ. ಫ್ರಾಕಿನ ಮೇಲೆ ರಕ್ತದ ಹನಿ ಬಿದ್ದಿದ್ವು. ಕೈ ಚಾಚಿ ನಿಂತಿದ್ಲು, ಅಂಗೈ ಮೇಲೆ ಗಾಡಿ ಕೀ.

“ಅಪ್ಪ, ನಾಜಿಶ್” ಅಂದ್ಲು.

ಮಗುವನ್ನ ನೋಡಿ ಒದೀತಿದ್ದೋರು ನಿಂತ್ರು. “ಮಗು ಐತೆ ಬಿಡ್ರೋ, ನಂಬರ್ ತಗೊಂಡಿದೀವಿ, ಎಲ್ಲೋಗ್ತಾನೆ” ಅಂದ ಯಾರೋ ಒಬ್ಬ. ಕಾರಿನ ಹೆಂಗಸು ಇಳಿದು ಬಂದು ಗಂಡನ ತಲೆಯನ್ನ ತೊಡೆ ಮೇಲೆ ಇಟ್ಕೊಂಡು ಕಿರುಚ್ತಿದ್ರು. ಇಬ್ಬರು ಹುಡುಗರು ಕಾರನ್ನ ಹಿಂದಕ್ಕೆ ತಳ್ಳಿದ್ರು. ನಾನು ಆಯಪ್ಪನ ಮುಖ ನೋಡ್ಲಿಲ್ಲ. ಶ್ವೇತನ್ನ ಎತ್ತಿ ಕ್ಯಾಬಿನ್ನಿಗೆ ಹಾಕಿ ಹೊರಟೆ.

ವಾಪಸ್ ದಾರಿಯಲ್ಲಿ ಹಾರ್ನ್ ಮೇಲಿಂದ ನಾನು ಕೈ ತೆಗೀಲಿಲ್ಲ. ಒಂದು ಆಟೋದ ಕನ್ನಡಿ ಹೋಯ್ತು, ಒಂದು ಸಿಗ್ನಲ್ ಹಾರಿಸ್ದೆ. ಗಲ್ಲಿ ತುದಿಯಲ್ಲಿ ಗಾಡಿ ಬಿಟ್ಟು ಓಡ್ದೆ.

ಗೇಟು ನಾನು ಬಿಟ್ಟಂಗೇ ಅರ್ಧ ತೆಗೆದಿತ್ತು. ಮುಚ್ಚಳ ಗೋಡೆಗೆ ಒರಗಿಸಿಟ್ಟಂಗೇ ಇತ್ತು. ಸಂಪಿನ ಬಾಯಿ ಪಕ್ಕದಲ್ಲಿ ಖುರ್ಷೀದಾ ಅಮ್ಮೀ ನೆಲದ ಮೇಲೆ ಕಾಲು ಚಾಚಿ ಕೂತಿದ್ರು. ಒಂದು ಕೈಯಲ್ಲಿ ನಾಜಿಶ್‌ಳ ಫ್ರಾಕಿನ ಬೆನ್ನು, ಇನ್ನೊಂದ್ರಲ್ಲಿ ಅವಳ ಜುಟ್ಟು. ಮಗು ಸಂಪಿನ ಕಡೆಗೆ ಎಳೀತಾ, “ಮಚ್ಲಿ, ಮಚ್ಲಿ” ಅಂತ ಅಳ್ತಿತ್ತು. ನೀರಲ್ಲಿ ಮೀನಿದೆ ಅಂತ ಅದಕ್ಕೆ. ಅಮ್ಮೀ ಒಳಗಿಂದ ಬಂದಾಗ ಅದು ಅಂಚಿನಲ್ಲಿ ಬಗ್ಗಿ ನೀರಲ್ಲಿ ಕೈ ಆಡಿಸ್ತಿತ್ತಂತೆ. ಹಾರಿ ಹಿಡ್ಕೊಂಡು ಕೂತುಬಿಟ್ಟಿದ್ದಾರೆ. ಮಂಡಿ ಕೆಟ್ಟ ಮುದುಕಿ, ಕೂತ್ಮೇಲೆ ಯಾರಾದ್ರೂ ಎತ್ತದೆ ಏಳೋಕಾಗಲ್ಲ. ಮಗುವನ್ನ ಬಿಟ್ರೆ ನೀರಿಗೆ ಹೋಗುತ್ತೆ, ಬಿಡದಿದ್ರೆ ಏಳೋಕಾಗಲ್ಲ. ಮುಕ್ಕಾಲು ಗಂಟೆ ಹಾಗೇ ಕೂತಿದ್ರು. ಕೂಗಿ ಕೂಗಿ ದನಿ ಹೋಗಿತ್ತು, ಮಾರ್ಕೆಟ್ ಗಲಾಟೆಯಲ್ಲಿ ಯಾರಿಗೂ ಕೇಳಿಸಿಲ್ಲ. ಫೋನು ಒಳಗೆ ಕಟ್ಟೆ ಮೇಲಿತ್ತು.

ಮುಚ್ಚಳ ಎಳೆದು ಹಾಕ್ದೆ. ಅದ್ರ ಮೇಲೇ ಕೂತೆ. ಅಮ್ಮೀ ಮಗುವನ್ನ ಶ್ವೇತನ ಕೈಗೆ ಕೊಟ್ಟು, ಕೂತಲ್ಲಿಂದಲೇ ಚಪ್ಪಲಿ ತೆಗೆದು ನನ್ನ ತಲೆಗೆ ಹೊಡೆದ್ರು. “ಕ್ಯಾ ಕರ್ಕೋ ಗಯಾ ರೇ ತೂ! ಏನ್ ಮಾಡಿ ಹೋದ್ಯೋ! ನನ್ ಮಗು ಹೋಗ್ತಿತ್ತಲ್ಲೋ ಪಾಪಿ! ಸೈಫ್‌ಗೆ ಏನಂತ ಹೇಳ್ತಿದ್ದೆ ನಾನು!” ದನಿ ಇರ್ಲಿಲ್ಲ, ಬರೀ ಗಾಳಿ ಬರ್ತಿತ್ತು. ಕೈ ಸೋಲೋ ತನಕ ಹೊಡೆದ್ರು. ನಾನು ತಲೆ ಬಗ್ಗಿಸ್ಕೊಂಡು ಇದ್ದೆ. ಆಮೇಲೆ ನನ್ನ ತುಟಿ, ಅಂಗಿ ನೋಡಿ, “ಇದ್ಯಾರ್ ಮಾಡಿದ್ದು” ಅಂದ್ರು. “ಬರೋ ದಾರಿಯಲ್ಲಿ ಒಬ್ರಿಗೆ ಹೊಡ್ದೆ ಅಮ್ಮೀ” ಅಂದೆ. ಅಮ್ಮೀ ಚಪ್ಪಲಿ ಕೆಳಗೆ ಹಾಕಿ, “ಇನ್ ಮುಂದೆ ನಮ್ಮನೆಗೆ ಬರ್ಬೇಡ” ಅಂದ್ರು. ಅವರನ್ನ ಎತ್ತಿ ಕುರ್ಚಿ ಮೇಲೆ ಕೂರಿಸ್ದೆ. ಮುಚ್ಚಳದ ಮೇಲೆ ನಿಂತು ಫೋಟೋ ತೆಗೆದು ಸುಕನ್ಯಂಗೆ ಕಳಿಸ್ದೆ. ‘ಯಾಕ್ ಲೇಟು’ ಅಂತ ಬಂತು, ಜೊತೆಗೆ ಹೆಬ್ಬೆಟ್ಟು.

ಮನೆ ಹತ್ರ ಬಂದಾಗ ಶ್ವೇತ ಗಾಡಿ ನಿಲ್ಲಿಸೋಕೆ ಹೇಳಿದ್ಲು. ಇಳಿದು ಹಿಂದೆ ಹೋಗಿ, ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ, ತಳದಲ್ಲಿ ಉಳಿದಿದ್ದ ನೀರಲ್ಲಿ ಫ್ರಾಕಿನ ಕಲೆ ಉಜ್ಜಿದ್ಲು. ಒಂದೊಂದೇ ಚುಕ್ಕೆ ಹುಡುಕಿ ಉಜ್ಜಿದ್ಲು. ಆಮೇಲೆ ಕರ್ಚೀಫ್ ನೆನೆಸಿ ತಂದು ನನ್ನ ಕೈಗೆ ಕೊಟ್ಟು, “ಅಂಗಿ ಬದಲಾಯಿಸ್ಕೊ” ಅಂದ್ಲು. ಅಸಹ್ಯ ಆಗಿರ್ಬೇಕು ಪಾಪ ಅಂದ್ಕೊಂಡೆ.

ಆರೂವರೆಗೆ ಸುಕನ್ಯ ಬಂದ್ಲು. ನಾನು ಸೋಫಾ ಮೇಲೆ ಕೂತಿದ್ದೆ, ತುಟಿ ಬದನೇಕಾಯಿ ಆಗಿತ್ತು. ಚಪ್ಪಲಿ ಬಿಡೋದನ್ನೂ ಮರೆತು, “ಏನ್ರೀ ಇದು?” ಅಂದ್ಲು. ನಾನು ಬಾಯಿ ತೆಗೆಯೋಕೆ ಮುಂಚೆ ಶ್ವೇತ ರೂಮಿಂದ ಬಂದ್ಲು.

“ಪೈಪಿನ ಕಪ್ಲಿಂಗ್ ಜಾರ್ತು ಅಮ್ಮ. ಪ್ರೆಶರ್ ಇತ್ತು ನೋಡು, ಹಾರಿ ಬಂದು ಅಪ್ಪನ ಬಾಯಿಗೆ ಬಡೀತು. ಅದಕ್ಕೇ ಫೋಟೋ ಲೇಟ್ ಆಯ್ತು. ಖುರ್ಷೀದಾ ಅಜ್ಜಿ ಐಸ್ ಕೊಟ್ರು. ನನ್ ಫ್ರಾಕ್ ಒದ್ದೆ ಆಯ್ತು, ಅದಕ್ಕೆ ಒಗೆದು ಹಾಕ್ದೆ.”

“ಯಾರ್ಗಾದ್ರೂ ಹೊಡೆದ್ರಾ ಅಪ್ಪ?” ಸುಕನ್ಯ ಅವಳನ್ನ ಕೇಳಿದ್ಲು.

“ಇಲ್ಲಮ್ಮ. ಒಬ್ಬ ಆಟೋದವ್ನು ತಳ್ಳಿದ. ಅಪ್ಪ ಜೇಬಲ್ಲಿ ಕೈ ಇಟ್ಕೊಂಡಿದ್ದ, ಹೊಡೀಲೇ ಇಲ್ಲ.”

ರೆಪ್ಪೆ ಅಲುಗಿಸ್ಲಿಲ್ಲ ಹುಡುಗಿ. ಸುಕನ್ಯ ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿ, “ಹುಷಾರಾಗಿರ್ಬಾರ್ದಾ ರೀ” ಅಂದ್ಲು. ದನಿಯಲ್ಲಿ ಪ್ರೀತಿ ಇತ್ತು. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯೋಕೆ ಶುರು ಮಾಡಿದ್ಲು. ನಾನು ಬಚಾವಾಗಿದ್ದೆ. ಹೆಂಡ್ತಿ ಇಲ್ಲೇ ಇರ್ತಾಳೆ, ಮಗಳು ಇಲ್ಲೇ ಇರ್ತಾಳೆ. ಸುಮ್ನೆ ಇದ್ರೆ ಸಾಕಿತ್ತು.

ಶ್ವೇತ ನನ್ನ ಪಕ್ಕ ಬಂದು ಕೂತು ಟಿವಿ ಹಾಕಿದ್ಲು. ಈ ಮಗುಗೆ ಹತ್ತು ನಿಮಿಷ ಮಗ್ಗಿ ಬರೆಯೋಕಾಗಲ್ಲ, ನೀರಿನ ಬಾಟಲಿ ದಿನಾ ಸ್ಕೂಲಲ್ಲೇ ಬಿಟ್ಟು ಬರುತ್ತೆ. ಆದ್ರೆ ಮಧ್ಯಾಹ್ನದಿಂದ ಒಂದನ್ನೂ ಮರ್ತಿರ್ಲಿಲ್ಲ. ಕೀ ಮರೀಲಿಲ್ಲ, ಕಲೆ ಮರೀಲಿಲ್ಲ, ಅಂಗಿ ಮರೀಲಿಲ್ಲ, ಸುಳ್ಳಿಗೆ ಐಸನ್ನೂ ಸೇರಿಸಿದ್ಲು. ಅವಳಲ್ಲಿ ಇದ್ದ ಅಷ್ಟೂ ಗಮನ ನನ್ನನ್ನ ಕಾಯೋದಕ್ಕೆ ಹೋಗಿತ್ತು. ನಾಳೇನೂ ಹೋಗುತ್ತೆ. ಮದುವೆಯಾಗಿ ಇನ್ನೊಂದು ಮನೆಗೆ ಹೋದ್ಮೇಲೂ, ಯಾರೋ ಒಬ್ಬ ಕೈ ಬೀಸೋ ಬಡ್ಡೀಮಗನನ್ನ ಹೀಗೇ ಒರೆಸಿ ತೊಳೆದು ಕಾಯ್ತಾಳೆ. ನಮ್ಮಪ್ಪನ ಬೆಲ್ಟಿನ ಏಟಿಗೂ ನನಗೆ ಅಷ್ಟು ನೋವಾಗಿರ್ಲಿಲ್ಲ.

ಎದ್ದು ಅಡುಗೆಮನೆಗೆ ಹೋದೆ. “ಸುಕನ್ಯ, ಅವ್ಳು ಹೇಳಿದ್ದು ಸುಳ್ಳು. ಮುಚ್ಚಳ ಮರ್ತೆ. ವಾಪಸ್ ಹೋಗ್ವಾಗ ಒಬ್ಬನಿಗೆ ಕೊಕ್ಕೆಯಲ್ಲಿ ಹೊಡ್ದೆ. ಬಿದ್ಮೇಲೂ ಹೊಡ್ದೆ. ಮಾತ್ರೆ ಮುಗಿದು ಮೂರು ದಿನ ಆಯ್ತು.”

ಅವಳು ನಲ್ಲಿ ನಿಲ್ಲಿಸಿದ್ಲು. “ನಾಜಿಶ್?”

“ಚೆನ್ನಾಗಿದಾಳೆ.”

“ಇವ್ಳು ನೋಡಿದ್ಲಾ?”

“ನೋಡಿದ್ಲು.”

ಅಕ್ಕಿ ಪಾತ್ರೆ ಹಾಗೇ ಸಿಂಕಲ್ಲಿ ಬಿಟ್ಟು, ಕೈ ಒರೆಸ್ಕೊಂಡು, ರೂಮಿಗೆ ಹೋಗಿ ಬೀರು ಮೇಲಿಂದ ಬ್ಯಾಗ್ ಇಳಿಸಿದ್ಲು. ನಾನು ತಡೀಲಿಲ್ಲ. ಹಲಸೂರಿಗೆ ಆಟೋ ನಾನೇ ಬುಕ್ ಮಾಡ್ದೆ.

ಬ್ಯಾಗಿನ ಜಿಪ್ ಸದ್ದು ಕೇಳಿ ಶ್ವೇತ ಎದ್ದು ನಿಂತ್ಲು. ಬಾಗಿಲ ಹತ್ರ ಅಮ್ಮನ್ನ ನೋಡಿದ್ಲು, ನನ್ನನ್ನ ನೋಡಿದ್ಲು. ಅರ್ಥ ಆಗೋಕೆ ಅವಳಿಗೆ ಒಂದು ಗಳಿಗೆ ಬೇಕಾಯ್ತು, ಅಷ್ಟೇ.

“ಯಾಕ್ ಹೇಳ್ದೆ?” ಓಡಿ ಬಂದು ಹೊಟ್ಟೆಗೆ ಗುದ್ದಿದ್ಲು. “ಯಾಕ್ ಹೇಳ್ದೆ ನೀನು? ನಾನ್ ಹೇಳಾಗಿತ್ತಲ್ಲ! ನಾನ್ ಸರಿಯಾಗಿ ಹೇಳಿದ್ನಲ್ಲ! ಎಲ್ಲಾ ನೆನಪಿಟ್ಕೊಂಡು ಹೇಳಿದ್ನಲ್ಲ ಅಪ್ಪ!” ಎದೆಗೆ ಗುದ್ದಿದ್ಲು, ಪಕ್ಕೆಗೆ ಗುದ್ದಿದ್ಲು, ರಿಮೋಟ್ ತಗೊಂಡು ತುಟಿಗೆ ಹೊಡೆದ್ಲು, ಮತ್ತೆ ರಕ್ತ ಬಂತು. ಸುಕನ್ಯ ಬ್ಯಾಗ್ ಬಿಟ್ಟು ಅವಳನ್ನ ಎಳ್ಕೊಳೋಕೆ ಬಂದ್ಲು.

“ಬಿಡು, ಹೊಡೀಲಿ” ಅಂದೆ.

ಇದಕ್ಕೆ ಮುಂಚೆ ಅವಳು ಯಾರಿಗೂ ಹೊಡೆದಿದ್ದು ನಾನು ನೋಡಿರ್ಲಿಲ್ಲ. ಕಣ್ಣು ಮುಚ್ಕೊಂಡು, ಹಲ್ಲು ಕಚ್ಕೊಂಡು, ತಡೆಯೇ ಇಲ್ಲದೆ ಹೊಡೀತಿದ್ಲು. ಕೈ ಭುಜದಿಂದ ಬೀಸ್ತಾಳೆ, ನನ್ನ ಥರಾನೇ.